ಹಸಿರಾಗಿಯೇ ಉಳಿದ ಎಲೆ

ಹಸ್ತಕಲೆಯ ಟೀಚರಾದರೆ ಆರಾಮ, ಉತ್ತರ ಪತ್ರಿಕೆ ತಿದ್ದುವ ಕಾಟವಿಲ್ಲ ಎಂದುಕೊಂಡು ಈ ಕೆಲಸಕ್ಕೆ ಬರುವ ಹುಡುಗಿಯರು ಈಗಲೂ ಇದ್ದಾರೆ. ಮೊನ್ನೆ ನಮ್ಮ ಬೀದಿಯ ಒಬ್ಬಳು, ಆರ್ಡರ್ ಬಂದ ಖುಷಿಗೆ ಪೇಡೆ ಕೊಡಲು ಬಂದವಳು, ಹಾಗೆಯೇ ಅಂದಳು. ಪೇಡೆ ತಿಂದೆ, ಮಾತು ಮಾತ್ರ ನುಂಗಲಾಗಲಿಲ್ಲ. ಕೂರಿಸಿಕೊಂಡು ಸಂಜೆಯವರೆಗೂ ಕೊರೆದೆ. ಪಾಪ, ಅವಳು ಬಾಗಿಲ ಕಡೆಗೇ ನೋಡತೊಡಗಿದ ಮೇಲೆ, ಇದನ್ನೆಲ್ಲ ಬರೆದಿಡುವುದೇ ವಾಸಿ ಎನಿಸಿತು. ಓದಲು ಬೇಸರವಾದರೆ ಮುಚ್ಚಿಡಬಹುದು, ಮುದುಕಿಯ ಎದುರಿನಿಂದ ಎದ್ದು ಹೋಗುವ ಸಂಕೋಚವಿರುವುದಿಲ್ಲ.

ನಾನು ಮೊದಲು ಸಾಗರದಲ್ಲಿ, ಆಮೇಲೆ ಹೊಸನಗರದಲ್ಲಿ, ಕೊನೆಗೆ ತೀರ್ಥಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಚಿತ್ರ, ಹೊಲಿಗೆ, ಹಸ್ತಕಲೆ ಕಲಿಸಿದವಳು. ಯಾವಾಗ ಸಂಬಳ ಏರಿತು, ಯಾವಾಗ ಕುರ್ಚಿ ದೊಡ್ಡದಾಯಿತು ಎನ್ನುವುದರಿಂದ ನಿಮಗೇನೂ ಪ್ರಯೋಜನವಿಲ್ಲ. ನಿಮಗೆ ಬೇಕಾದದ್ದು ಕಾಗದವೇ ಇಲ್ಲದ ಕಾಲದಲ್ಲಿ ಚಿತ್ರ ಹೇಗೆ ಕಲಿಸಿದೆವು ಎಂಬುದು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಡ್ರಾಯಿಂಗ್ ಹಾಳೆ ಎನ್ನುವುದು ಕಣ್ಣಿಗೇ ಬೀಳುತ್ತಿರಲಿಲ್ಲ. ಬಣ್ಣದ ಡಬ್ಬಿಯಂತೂ ಹೆಡ್‌ಮಿಸ್ಟ್ರೆಸ್ ಬೀರುವಿನಲ್ಲಿ ದೇವರ ಹಾಗೆ ಕೂತಿತ್ತು, ಪೂಜೆಗುಂಟು, ಬಳಕೆಗಿಲ್ಲ.

ಆಗ ನಾವು ಕಂಡುಕೊಂಡದ್ದು 'ವಾರದ ಪುಟ'. ಹಳೇ ಪತ್ರಿಕೆ, ಕಿರಾಣಿ ಪೊಟ್ಟಣದ ಕಾಗದ, ಮದುವೆ ಮುಗಿದ ಲಗ್ನಪತ್ರಿಕೆ, ಕಚೇರಿಯ ರದ್ದಿ, ಏನು ಸಿಕ್ಕಿದರೂ ಮಕ್ಕಳು ತರುತ್ತಿದ್ದರು. ಅವನ್ನು ಒಂದರ ಮೇಲೊಂದು ಅಂಟಿಸಿ, ಬಟ್ಟೆ ಹೊದೆಸಿ, ಮೇಲೆ ಬೀಸುವ ಕಲ್ಲು ಹೇರಿ ಬಿಟ್ಟರೆ ಮೂರನೇ ದಿನಕ್ಕೆ ಗಟ್ಟಿ ರಟ್ಟು. ಅದರ ಮೇಲೆ ಪ್ರತಿ ಹುಡುಗಿಯೂ ಆ ವಾರ ತಾನು ಕಂಡದ್ದನ್ನು ಮಾಡಬೇಕು. ಬರೀ ಬರೆಯುವುದಲ್ಲ, ಮಾಡುವುದು. ಎಲೆ, ತೊಗಟೆ, ಗರಿ, ಒಡೆದ ಬಳೆ, ರವಿಕೆ ಹೊಲಿದು ಉಳಿದ ಚೂರು, ಬೆಂಕಿಪೊಟ್ಟಣದ ಚಿತ್ರ, ಎಲ್ಲವೂ ಅಲ್ಲಿ ಕೂರಬಹುದು. ಬಣ್ಣಕ್ಕೆ ಕೆಮ್ಮಣ್ಣು, ಬಿಳಿಗೆ ಶೇಡಿಮಣ್ಣು, ಕಪ್ಪಿಗೆ ಹುರಿದು ಕರಿಯಾದ ಅಕ್ಕಿ, ಕಂದಿಗೆ ಅಡಿಕೆ ಬೇಯಿಸಿ ಉಳಿದ ಚೊಗರು. ಕುಂಚ ಎಂದರೆ ತುದಿ ಜಜ್ಜಿದ ಪುಂಡಿ ನಾರು. ವರ್ಷದ ಕೊನೆಗೆ ಪುಟಗಳನ್ನೆಲ್ಲ ಸಣಬಿನ ದಾರದಲ್ಲಿ ಹೊಲಿದರೆ ಒಬ್ಬೊಬ್ಬಳದೂ ಒಂದೊಂದು ಪುಸ್ತಕ. ಅದರಲ್ಲಿ ಅಕ್ಷರಗಳು ಕಡಿಮೆ, ಆದರೆ ಇಡೀ ವರ್ಷ ಇರುತ್ತಿತ್ತು.

ಅಂಟಿನ ವಿಷಯದಲ್ಲಿ ನಾನು ಮೊದಲು ಮುಗ್ಗರಿಸಿದ್ದು ಸಾಗರದಲ್ಲಿ. ಅನ್ನದ ಗಂಜಿಯಿಂದ ಅಂಟಿಸಿ, ತಪಾಸಣೆಗೆ ಇರಲಿ ಎಂದು ಪುಟಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ ದಸರಾ ರಜೆಗೆ ಹೋದೆ. ಬಂದು ತೆಗೆದರೆ ಜಿರಲೆಗಳು ಹಬ್ಬದೂಟ ಮುಗಿಸಿದ್ದವು. ಉಳಿದದ್ದು ಬಳೆಚೂರು ಮಾತ್ರ. ಹೆಡ್‌ಮಿಸ್ಟ್ರೆಸ್ ಬೈಯಲಿಲ್ಲ, ಆ ಬಳೆಚೂರುಗಳನ್ನು ತಟ್ಟೆಯಲ್ಲಿ ಹಾಕಿಸಿ ಇನ್ಸ್‌ಪೆಕ್ಟರ್ ಮುಂದೆ ಇಟ್ಟು, ಇದೇ ನಮ್ಮ ಹಸ್ತಕಲೆ ಎಂದರು. ಬೈದಿದ್ದರೇ ಚೆನ್ನಾಗಿತ್ತು. ಅಂದಿನಿಂದ ಹುಣಸೆಬೀಜದ ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಬೆರೆಸಲು ಕಲಿತೆ. ತೋಟದವರು ಅಡಿಕೆ ಕೊಳೆರೋಗಕ್ಕೆ ಹೊಡೆಯುತ್ತಾರಲ್ಲ, ಅದೇ ನೀಲಿ ಹರಳು. ಹುಳ ಬಾರದು, ಬೂಷ್ಟು ಹಿಡಿಯದು. ಆದರೆ ಮಕ್ಕಳು ಕೈ ತೊಳೆಯದೆ ತಿಂಡಿ ಮುಟ್ಟದಂತೆ ನೀವೇ ಕಾವಲಿರಬೇಕು.

ಇನ್ನೊಂದು ಮಾತು, ಹೊಸಬರು ಹೆದರಬಾರದು ಎಂದು ಹೇಳುತ್ತಿದ್ದೇನೆ. ಒಣಗುವ ಪುಟಗಳು ಸದ್ದು ಮಾಡುತ್ತವೆ. ಎಲೆ ಸುರುಟಿಕೊಳ್ಳುವಾಗ, ತೊಗಟೆ ಬಿರಿಯುವಾಗ ಖಾಲಿ ಕೋಣೆಯ ಮುಚ್ಚಿದ ಬೀರುವಿನೊಳಗೆ ಯಾರೋ ಸೀರೆ ಮಡಿಸಿಡುತ್ತಿರುವಂತೆ ಕೇಳುತ್ತದೆ. ಹಾವಿನ ಪೊರೆ ಅಂಟಿಸಿದ ಪುಟವೊಂದು ಹಾಗೆ ಸದ್ದು ಮಾಡುವುದನ್ನು ಕೇಳಿ ನಮ್ಮ ಲೆಕ್ಕದ ಟೀಚರು ಮಧ್ಯಾಹ್ನದ ಹೊತ್ತಿಗೇ ಜ್ವರ ಬಂದು ಮಲಗಿದರು. ನಾನು ನಕ್ಕೆ. ಇಂಥದ್ದಕ್ಕೆಲ್ಲ ನಾನು ನಗುತ್ತಿದ್ದವಳೇ, ಹೊಸನಗರಕ್ಕೆ ವರ್ಗವಾಗುವವರೆಗೆ.

ಹೊಸನಗರದಲ್ಲಿ ನನ್ನ ತರಗತಿಗೆ ಸುನಂದೆ ಎಂಬ ಹುಡುಗಿ ಬರುತ್ತಿದ್ದಳು. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಜೈನರ ಮನೆಯವಳು. ತಾಯಿ ತೀರಿಕೊಂಡಿದ್ದರು, ಸಾಕಿದ್ದು ಅಪ್ಪನ ತಾಯಿ, ಚಂದ್ರಮತಿ ಅಜ್ಜಿ. ಸುನಂದೆ ಎಂದರೆ ಬಾಯಿ. ಬೆಳಿಗ್ಗೆ ಗೇಟಿನಲ್ಲಿ ಶುರುವಾದರೆ ಗಂಟೆ ಹೊಡೆಯುವವರೆಗೂ ಅವಳ ಮಾತು ನಿಲ್ಲುತ್ತಿರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದರೆ ಅಲ್ಲಿಂದ ದೂರ ಚೆನ್ನಾಗಿ ಕಾಣುತ್ತದೆ ಎಂದು ಅಲ್ಲಿಂದಲೂ ವರದಿ ಒಪ್ಪಿಸುತ್ತಿದ್ದಳು. ಬೈದಿದ್ದೇನೆ, ಆದರೆ ಅವಳು ಬರದ ದಿನ ತರಗತಿ ಬಿಕೋ ಎನ್ನುತ್ತಿತ್ತು.

ಅಡಿಕೆ ಕೊಯ್ಲು ನಡೆದಿತ್ತು, ಹೊಸ ಚೊಗರು ಸಿಗುವ ಕಾಲ. ಒಂದು ಶನಿವಾರ ಸುನಂದೆ ಮಾಡಿದ ಪುಟ ನೋಡಿ ನಾನು ಬೆರಗಾದೆ. ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ನಡೆದು ಹೋಗುತ್ತಿದ್ದಾಳೆ. ಸೀರೆಗೆ ಚೊಗರಿನಲ್ಲಿ ಅದ್ದಿದ ಪತ್ರಿಕೆಯ ಚೂರುಗಳು, ದಾರಿಗೆ ಕೆಮ್ಮಣ್ಣು, ಅಕ್ಕಪಕ್ಕ ಪೊದೆಗೆ ಹಲಸಿನೆಲೆಯ ತುಂಡುಗಳು. ತಲೆಯಿಂದ ಬೆನ್ನಿನವರೆಗೆ ಅವಳು ಗೊರಬು ಹೊದ್ದಿದ್ದಾಳೆ, ನಾಟಿಯ ಹೆಂಗಸರು ಮಳೆಗೆ ಹೊದೆಯುವ ಎಲೆಯ ಹೊದಿಕೆ. ಆ ಗೊರಬಿಗೆ ಸುನಂದೆ ಒಂದೇ ಒಂದು ಇಡೀ ಎಲೆ ಅಂಟಿಸಿದ್ದಳು. ಅಂಗೈಯಗಲದ್ದು, ನಡುವೆ ಕೆಂಪು ನರ, ಅಂಚು ಸಣ್ಣಗೆ ಗರಗಸದಂತೆ. ಎಲೆಗಳ ಜೊತೆಗೇ ಬಾಳಿದ ನನಗೆ ಅದರ ಹೆಸರು ತಿಳಿಯಲಿಲ್ಲ. ಯಾವ ಗಿಡದ್ದೇ ಎಂದರೆ, ವಟವಟ ಅನ್ನುವ ಹುಡುಗಿ ಆವತ್ತು ತುಟಿ ಬಿಗಿದು ನಕ್ಕಳು ಅಷ್ಟೆ.

ಅದೇ ದಿನ ಇನ್ಸ್‌ಪೆಕ್ಟರ್ ಬಂದರು. ಇವರು ಸಾಗರದವರಲ್ಲ, ತೀರ್ಥಹಳ್ಳಿಯಲ್ಲಿ ಆಫೀಸಿದ್ದವರು. ಓದಿದವರು, ಗಟ್ಟಿಯಾಗಿ ನಗುವವರು, ಭೂತ ಪಿಶಾಚಿ ಎಂದರೆ ಉರಿದುಬೀಳುವವರು. ಪುಟ ನೋಡಿ, ಇದನ್ನು ಕಟ್ಟು ಹಾಕಿಸಿ ನನ್ನ ಆಫೀಸಿನ ಗೋಡೆಗೆ ಹಾಕುತ್ತೇನೆ, ಕಾಗದವಿಲ್ಲ ಎಂದು ಅಳುವ ಮಾಸ್ತರುಗಳೆಲ್ಲ ನೋಡಲಿ ಎಂದರು. ಹೆಮ್ಮೆಯಿಂದ ನಾನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಸುನಂದೆ ಎದ್ದು ನಿಂತಳು. ಏನೋ ಹೇಳಲು ಬಾಯಿ ತೆರೆದಳು, ಸದ್ದು ಬರಲಿಲ್ಲ. ಸಂತೋಷಕ್ಕೆ ಗಂಟಲು ಕಟ್ಟಿದೆ ಎಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಆಮೇಲೆ ಅವಳು ಮಾತೇ ಆಡಲಿಲ್ಲ. ಮೊದಲು ಮುನಿಸು ಎಂದುಕೊಂಡೆ. ಮುನಿಸಾದರೆ ಎಷ್ಟು ದಿನ ಇದ್ದೀತು? ಹಾಜರಿ ಕೂಗಿದರೆ ಕೈ ಎತ್ತುವಳು. ಸ್ಲೇಟು ಕೊಟ್ಟು ಬರೆ ಎಂದರೆ ಬಳಪ ಹಿಡಿದು ಕೂರುವಳು, ಒಂದು ಗೆರೆಯೂ ಮೂಡದು. ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ ಏನೂ ಇಲ್ಲ ಎಂದರು. ಅಪ್ಪ ಶಿವಮೊಗ್ಗಕ್ಕೂ ಕರೆದೊಯ್ದು ಬಂದರು. ಊಟ ಕಡಿಮೆಯಾಯಿತು, ಮಗು ಕಣ್ಣೆದುರಿಗೇ ಇಳಿಯತೊಡಗಿತು, ಶಾಲೆಗೆ ಬರುವುದೂ ನಿಂತಿತು. ನೋಡಲು ಮನೆಗೆ ಹೋದರೆ ಜಗಲಿಯಲ್ಲಿ ಕೂತು ತೀರ್ಥಹಳ್ಳಿಯ ರಸ್ತೆಯ ಕಡೆಗೇ ನೋಡುತ್ತಿದ್ದಳು. ನನಗೆ ಅವಳ ಪಕ್ಕ ಕೂರಲು ಆಗುತ್ತಿರಲಿಲ್ಲ. ಅಷ್ಟು ಮಾತಾಡುವ ಮಗುವಿನ ಮೌನ ಹತ್ತಿರದಿಂದ ಕೇಳಲು ಬಲು ಭಯವಾಗುತ್ತದೆ.

ಅಷ್ಟರಲ್ಲಿ ಅವಳ ಗೆಳತಿಯೊಬ್ಬಳು ಬಾಯಿಬಿಟ್ಟಳು. ಪುಟ ಮಾಡಿದ ಆ ವಾರ ಸುನಂದೆ ಚೌಡಿ ಬನದ ಕಡೆಯಿಂದ ಲಂಗದ ಮಡಿಲಲ್ಲಿ ಏನೋ ಮುಚ್ಚಿಕೊಂಡು ಬರುತ್ತಿದ್ದಳಂತೆ. ಊರಾಚೆ ಇದ್ದ ಆ ಬನಕ್ಕೆ ಮಚ್ಚು ಸೋಕಿದ್ದಿಲ್ಲ. ಮರ ಬಿದ್ದರೆ ಬಿದ್ದಲ್ಲೇ ಮಣ್ಣಾಗಬೇಕು. ಬಸದಿಗೆ ಹೋಗುವವರು, ಮಠಕ್ಕೆ ಹೋಗುವವರು, ಯಾರಾದರೂ ಸರಿ, ಅಲ್ಲಿನ ಚೌಡಿಗೆ ವರ್ಷಕ್ಕೊಂದು ಕಾಯಿ ಒಡೆಸುತ್ತಿದ್ದರು; ಅಲ್ಲಿಂದ ಒಂದು ತರಗೆಲೆಯನ್ನೂ ತರುತ್ತಿರಲಿಲ್ಲ. ಚಂದ್ರಮತಿ ಅಜ್ಜಿ ಶಾಲೆಗೇ ಬಂದರು. ಬೆಳ್ಳಗಿನ ಸೀರೆ, ನೆಟ್ಟಗಿನ ಬೆನ್ನು. ಕೂರಿ ಎಂದರೂ ಕೂರಲಿಲ್ಲ.

"ಅಕ್ಕೋರೆ, ಬನದ ಒಣ ಕಡ್ಡೀನೂ ನಾವು ಒಲೆಗೆ ಹಾಕೋರಲ್ಲ. ಮಗು ಗೊತ್ತಿಲ್ದೆ ಕಿತ್ತಿದೆ. ಆ ಎಲೆ ವಾಪಸ್ ಹೋಗ್ಬೇಕು. ಕೊಟ್ಟವ್ರು ನೀವು, ನೀವೇ ತಂದ್ಕೊಡಿ."

ಅಜ್ಜಿಯ ಜೊತೆಗೇ ಅವರ ಮನೆಗೆ ಹೋಗಿ, ಬನದಲ್ಲಿ ಕಿತ್ತೆಯಾ ಎಂದು ಸುನಂದೆಯನ್ನು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು, ಕಣ್ಣಲ್ಲಿ ನೀರು. ಸಿಕ್ಕಿಬಿದ್ದ ಮಕ್ಕಳೆಲ್ಲ ಮೊದಲು ಹಾಗೆಯೇ ತಲೆಯಾಡಿಸುತ್ತಾರೆ ಎಂದುಕೊಂಡೆವು.

ಇದ್ದಿಲು ಗ್ಯಾಸಿನ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೊರಟೆ. ಪ್ರತಿ ಏರಿಗೂ ಇಳಿದು ತಳ್ಳಬೇಕಾದ ಬಸ್ಸು ಅದು. ದಾರಿಯುದ್ದಕ್ಕೂ ಇನ್ಸ್‌ಪೆಕ್ಟರಿಗೆ ಏನು ಹೇಳಲಿ ಎಂದೇ ಯೋಚನೆ. ಚೌಡಿ ಕೇಳುತ್ತಿದ್ದಾಳೆ ಎಂದರೆ ನನ್ನನ್ನು ಕೆಲಸದಿಂದಲೇ ಇಳಿಸಿಯಾರು. ಮಗು ಹಟ ಹಿಡಿದಿದೆ, ಪುಟ ಮರಳಿ ಕೊಟ್ಟರೆ ಸರಿಹೋದೀತು ಎಂದು ಡಾಕ್ಟರು ಹೇಳಿದ್ದಾರೆ ಅನ್ನುವುದು ಎಂದು ನಿಶ್ಚಯ ಮಾಡಿಕೊಂಡೆ.

ಆಫೀಸಿನ ಗೋಡೆಯಲ್ಲಿ ಕಟ್ಟು ಇತ್ತು, ಆದರೆ ಮುಖ ಗೋಡೆಯ ಕಡೆಗೆ. ನಮಗೆ ಕಾಣುತ್ತಿದ್ದದ್ದು ಹಿಂದಿನ ಹಲಗೆ, ಮೊಳೆ. ಇನ್ಸ್‌ಪೆಕ್ಟರ್ ನನ್ನ ನೋಟ ನೋಡಿ, ಜವಾನನನ್ನು ಕರೆದು ತಿರುಗಿಸಲು ಹೇಳಿದರು. ಅವನು ಮುಟ್ಟಲು ಹಿಂಜರಿದ. ನಾನೇ ಕೆಳಗಿಳಿಸಿ ತಿರುಗಿಸಿದೆ.

ಸೀರೆಯ ಚೂರುಗಳು ಬಿರಿದಿದ್ದವು. ಹಲಸಿನೆಲೆಯ ಪೊದೆಗಳೆಲ್ಲ ಕಂದಾಗಿ ಸುರುಟಿದ್ದವು. ಗೊರಬಿನ ಎಲೆ ಮಾತ್ರ ಆಗಷ್ಟೇ ಕೊಯ್ದಂತೆ ಹಸಿರಾಗಿತ್ತು. ನರದ ಕೆಂಪು ಕೂಡ ಮಾಸಿರಲಿಲ್ಲ. ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡು, ಅಂಟಿನಲ್ಲಿ ಮೈಲುತುತ್ತ ಇದೆಯಲ್ಲ, ಅದು ಹಸಿರನ್ನು ಹಿಡಿದಿಡುತ್ತದೆ, ಇದು ವಿಜ್ಞಾನ ಎಂದರು. ಹೌದು ಸಾರ್ ಎಂದೆ. ಅದೇ ಬಟ್ಟಲಿನ ಅಂಟಿನಲ್ಲೇ ಹಲಸಿನೆಲೆಯನ್ನೂ ಅಂಟಿಸಿದ್ದು ಎನ್ನಲು ಹೋಗಲಿಲ್ಲ. ಅವರಿಗೂ ಅದು ಹೊಳೆದಿರಬೇಕು, ಮತ್ತೆ ಆ ಕಡೆ ನೋಡಲಿಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ಸುಳ್ಳು ಬೇಕಾಗಲೇ ಇಲ್ಲ. ಪುಟ ಬೇಕಿತ್ತು ಎನ್ನುವಷ್ಟರಲ್ಲಿ, ತಗೊಂಡು ಹೋಗಿ ಅಮ್ಮ, ಕಟ್ಟೂ ನಿಮಗೇ ಇರಲಿ ಎಂದುಬಿಟ್ಟರು.

ಹೊರಗೆ ಮೆಟ್ಟಿಲ ತನಕ ಬಂದ ಜವಾನ ತಗ್ಗಿದ ದನಿಯಲ್ಲಿ ಹೇಳಿದ: "ದಿನಾ ಬೆಳಿಗ್ಗೆ ಬಾಗ್ಲು ತೆಗೆದ್ರೆ ಅದು ಗೋಡೆ ಕಡೆ ತಿರುಗಿರ್ತಿತ್ತು ಅಕ್ಕೋರೆ. ಸಾಹೇಬ್ರೇ ತಿರುಗ್ಸಿ ಹೋಗ್ತಾರೆ ಅಂತ ನಾನು ಸುಮ್ನಿದ್ದೆ. ಸಾಹೇಬ್ರು ನಾನೇ ತಿರುಗ್ಸಿಡ್ತೀನಿ ಅಂದ್ಕೊಂಡಿದ್ರಂತೆ."

ವಾಪಸ್ ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಳ್ಳಲು ನನಗೆ ಧೈರ್ಯವಾಗಲಿಲ್ಲ, ಕಾಲಬುಡದಲ್ಲಿಡಲೂ ಮನಸ್ಸಾಗಲಿಲ್ಲ. ನೆರೆಯ ಸೀಟು ಖಾಲಿಯಿತ್ತು, ಅಲ್ಲಿ ಕೂರಿಸಿದೆ. ಕಂಡಕ್ಟರು ಬಂದು ನನ್ನನ್ನೂ ಆ ಸೀಟನ್ನೂ ನೋಡಿ ಎರಡು ಟಿಕೆಟ್ ಹರಿದ. ನಾನು ಜಗಳಗಂಟಿ ಎಂದು ಮೂರು ತಾಲ್ಲೂಕಿಗೂ ಗೊತ್ತು. ಆವತ್ತು ತುಟಿಪಿಟಕ್ ಎನ್ನದೆ ಎರಡಕ್ಕೂ ದುಡ್ಡು ಕೊಟ್ಟೆ.

ಮನೆಯಲ್ಲಿ ಗಾಜು ತೆಗೆದು ಎಲೆ ಬಿಡಿಸಲು ನೋಡಿದೆ. ಹುಣಸೆಬೀಜದ ಅಂಟು ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಅದನ್ನು ನನಗಿಂತ ಬಲ್ಲವರಾರು? ಹಬೆ ಹಿಡಿದೆ, ತೆಳು ಚಾಕುವಿನಿಂದ ಅಂಚು ಎಬ್ಬಿಸಿದೆ. ಎಲೆ ಹರಿಯುವಂತಾದಾಗ ನಿಲ್ಲಿಸಿದೆ. ಕೊಡುವುದಾದರೆ ಇಡೀ ಪುಟವನ್ನೇ ಕೊಡುವುದು ಎಂದು ಅಜ್ಜಿಯೂ ಒಪ್ಪಿದರು.

ಮರುದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಹೊರಟೆವು, ಅಜ್ಜಿ, ನಾನು, ನಡುವೆ ಸುನಂದೆ. ಹೊರಗೆ ಅಷ್ಟು ಬಿಸಿಲಿದ್ದರೂ ಬನದೊಳಗೆ ಕಾಲಿಟ್ಟೊಡನೆ ತೋಳು ತಣ್ಣಗಾಯಿತು. ಒಂದು ಹಕ್ಕಿಯ ದನಿಯೂ ಇಲ್ಲ. ಮರಗಳ ಬುಡದಲ್ಲಿ ಕುಂಕುಮ ಬಳಿದ ಕಲ್ಲುಗಳು, ಹಳೇ ತೆಂಗಿನ ಚಿಪ್ಪುಗಳು. ಯಾವ ಮರದ ಕೆಳಗೆ ಇಡಬೇಕು ಎಂದು ನೋಡಲು ನಾನು ತಲೆಯೆತ್ತಿದೆ. ಅಲ್ಲಿದ್ದದ್ದು ರಂಜಲು, ನೇರಳೆ, ಹೊನ್ನೆ, ನಾಲ್ಕಾರು ಬಳ್ಳಿ. ಸುತ್ತು ಹಾಕಿ ಪ್ರತಿಯೊಂದರ ಎಲೆಯನ್ನೂ ನೋಡಿದೆ, ಕೆಳಗೆ ಬಿದ್ದ ತರಗನ್ನೂ ನೋಡಿದೆ. ನಮ್ಮ ಕೈಲಿದ್ದಂಥ ಎಲೆ ಆ ಬನದಲ್ಲಿ ಎಲ್ಲಿಯೂ ಇರಲಿಲ್ಲ. ಅಜ್ಜಿಗೆ ಹೇಳೋಣವೆಂದು ತಿರುಗಿದೆ.

ಅವರು ಆಗಲೇ ದೊಡ್ಡ ಕಲ್ಲಿನ ಮುಂದೆ ಪುಟ ಇಟ್ಟು, ಕಾಯಿ ಇಟ್ಟು ಕೈಮುಗಿದಿದ್ದರು. ತಪ್ಪಾಯಿತು, ತಿಳಿಯದ ಮಗು ಕಿತ್ತು ತಂದಿದೆ, ಹೊಟ್ಟೆಗೆ ಹಾಕಿಕೋ ಎಂದು ಬೇಡುತ್ತಿದ್ದರು. ಆಗ ಹಿಂದಿನಿಂದ ತುಕ್ಕು ಹಿಡಿದ ಬಾಗಿಲಿನಂಥ ಒಂದು ದನಿ ಬಂತು.

"ನಾ ಕಿತ್ತಿದ್ದಲ್ಲ ಅಜ್ಜಿ."

ನಾವಿಬ್ಬರೂ ತಿರುಗಿದೆವು. ಸುನಂದೆ ನಮ್ಮನ್ನು ನೋಡುತ್ತಿರಲಿಲ್ಲ, ಕಲ್ಲಿನಾಚೆ ನೋಡುತ್ತಿದ್ದಳು.

"ಅವ್ರೇ ಕೊಟ್ಟಿದ್ದು. ಎಲ್ರದ್ದೂ ಪುಟ ಮಾಡ್ತೀಯಲ್ಲ, ನಂದೂ ಒಂದು ಮಾಡ್ಕೊಡು ಅಂದ್ರು. ಶನಿವಾರ ಕಳೆದು ತಂದ್ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ತರದಿದ್ರೆ ನಿನ್ನ ಮಾತು ನನ್ನ ಹತ್ರಾನೇ ಇರ್ತದೆ ಅಂದಿದ್ರು."

ಇಷ್ಟು ದಿನ ಕದ್ದ ವಸ್ತುವನ್ನು ಮರಳಿಸಲು ನಾವು ಒದ್ದಾಡುತ್ತಿದ್ದೆವು. ಮಗು ಕಾಯುತ್ತಿದ್ದದ್ದು, ಮಾಡಿಸಿದವರಿಗೆ ಅವರದ್ದನ್ನು ಮುಟ್ಟಿಸಲು. ಅದನ್ನೇ ನಾನು ಚಪ್ಪಾಳೆ ತಟ್ಟಿ ಬೇರೊಬ್ಬರ ಗೋಡೆಗೆ ಕಳಿಸಿದ್ದೆ. ಆಮೇಲೆ ನಿವೃತ್ತಿಯವರೆಗೂ ನಾನು ಯಾವ ಮಗುವಿನ ಕೈಯಿಂದಲೂ, ಇದು ಯಾರಿಗೆ ಎಂದು ಕೇಳದೆ ಒಂದು ಪುಟ ತೆಗೆದುಕೊಂಡವಳಲ್ಲ. ಅಮ್ಮನಿಗೆ ಎನ್ನುತ್ತಾರೆ, ನನಗೇ ಎನ್ನುತ್ತಾರೆ, ಸತ್ತ ತಮ್ಮನಿಗೆ ಎಂದವಳೂ ಇದ್ದಾಳೆ. ತಪಾಸಣೆಗೆ ಪುಟ ಕಡಿಮೆಯಾದರೆ ಆಗಲಿ, ನೀವೂ ಕೇಳಿ.

ಬನದ ಅಂಚಿನವರೆಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಂದೆವು. ಬಿಸಿಲಿಗೆ ಬಂದ ಮೇಲೆ ಸುನಂದೆಗೆ ಮಾತು ಸಲೀಸಾಯಿತು. ಹಸಿವು ಎಂದಳು, ಕಾಲಿಗೆ ಮುಳ್ಳು ಎಂದಳು, ಅಪ್ಪ ಅಂಗಡಿಯಲ್ಲಿದ್ದಾರಾ ಎಂದಳು. ಕಟ್ಟೆ ಒಡೆದಂತೆ ಸುರಿಸುತ್ತಲೇ ಇದ್ದಳು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಡೆಯುತ್ತಿದ್ದೆ. ಗದ್ದೆಯ ಅಂಚಿನಲ್ಲಿ ಅವಳು ನನ್ನ ಕೈ ಹಿಡಿದು ಜಗ್ಗಿದಳು.

"ತುಂಬಾ ಚೆಂದ ಆಗಿದೆ ಅಂದ್ರು ಅಕ್ಕೋರೆ. ನಿಮ್ಗೆ ಕೇಳಿಸ್ತಲ್ಲ?"

ನನಗೆ ಏನೂ ಕೇಳಿಸಿರಲಿಲ್ಲ. ಆದರೆ ಇಲ್ಲ ಎಂದರೆ ಎಲ್ಲಿ ಆ ಬಾಯಿ ಮತ್ತೆ ಮುಚ್ಚಿಕೊಂಡೀತೋ ಎಂದು ಜೀವ ಬಾಯಿಗೆ ಬಂತು. ಕೇಳಿಸಿತು ಮಗ ಎಂದೆ. ಅವಳು ಸಮಾಧಾನವಾಗಿ ಮುಂದೆ ಓಡಿದಳು.

ಚಂದ್ರಮತಿ ಅಜ್ಜಿ ನಡೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಸುಳ್ಳಾಡುವುದಿಲ್ಲ ಎಂದು ವ್ರತ ಹಿಡಿದವರು ಅವರು. ಅಂಗಡಿಯ ವ್ಯಾಪಾರದಲ್ಲಿ ಕೂಡ ಮಗನಿಗೆ ಒಂದು ಸುಳ್ಳು ಹೇಳಲು ಬಿಡುತ್ತಿರಲಿಲ್ಲ. ನನ್ನ ಸುಳ್ಳು ಸಿಕ್ಕಿಬಿತ್ತು ಎಂದು ನಾನು ತಲೆ ತಗ್ಗಿಸಿದೆ.

"ನಂಗೊಬ್ಬಳಿಗೇ ಕೇಳಿದ್ದೇನೋ ಅಂದ್ಕೊಂಡಿದ್ದೆ ಅಕ್ಕೋರೆ," ಎಂದು ಅವರು ನನ್ನ ತೋಳು ಹಿಡಿದುಕೊಂಡರು.